ಒಕ್ಕಲಿಗನ ಸ್ಮರಣೆ

ತುಂಬು ಬಾಳನ್ನು ಬಾಳಿದ ವೃದ್ಧ ಒಕ್ಕಲಿಗನೊಬ್ಬನು ಲಿಂಗೈಕ್ಯನಾದಾಗ ಬಂಧುಬಳಗದವರು ನೆರೆದು ಆತನ ಗುಣಗಾನ ಮಾಡುವುದು ಲೋಕರೂಢಿ. ಎಷ್ಟು ಕೂರಿಗೆ ಹೊಲವನ್ನು ಗಳಿಸಿದನು, ಎಷ್ಟು ಜೋಡಿ ಎತ್ತು ಕಟ್ಟಿದನು, ಎಷ್ಟು ಮಕ್ಕಳ ಮದುವೆ ಮಾಡಿದನು ಎಂಬುದೇ ಆಗ ಮಾತಿನ ಬಹುಭಾಗವಾಗುತ್ತದೆ. ಇವೆಲ್ಲ ನಿಜವೇ ಇರಬಹುದು. ಆದರೆ ಗಳಿಕೆಯ ಎಣಿಕೆಯೊಂದರಿಂದಲೇ ಶರಣಮಾರ್ಗದಲ್ಲಿ ನಡೆದವನ ಬಾಳನ್ನು ಅರಿತಂತಾಗುವುದೇ? ಇದು ವಿಚಾರಿಸತಕ್ಕ ವಿಷಯ.

ಮೊದಲು ‘ಒಕ್ಕಲು’ ಎಂಬ ಶಬ್ದವನ್ನು ನೋಡಬೇಕು. ಅದಕ್ಕೆ ಮನೆ, ವಾಸ, ಸಂಸಾರ ಎಂಬ ಅರ್ಥಗಳಿವೆ. ಬೇಸಾಯಗಾರನೆಂಬ ಅರ್ಥವೂ ಇದೆ. ಹೊಸ ಮನೆಗೆ ಬಂದು ನೆಲಸುವುದು ಒಕ್ಕಲಾಗುವುದು. ಕಣದಲ್ಲಿ ತೆನೆ ತುಳಿಸಿ ಕಾಳು ಬಿಡಿಸುವುದು ಒಕ್ಕಣೆ. ಗೃಹಸ್ಥನನ್ನೂ ಕೃಷಿಕನನ್ನೂ ನಮ್ಮ ನುಡಿ ಒಂದೇ ಹೆಸರಿನಿಂದ ಕರೆದಿದೆ. ಇಲ್ಲಿ ಒಕ್ಕಲಿಗನೆಂಬುದು ಕಾಯಕವಾಚಕವೇ ಹೊರತು ಜಾತಿವಾಚಕವಲ್ಲ. ಆದುದರಿಂದ ಆತನ ಸ್ಮರಣೆಯಲ್ಲಿ ಹೊಲವೂ ಇರಬೇಕು, ಮನೆಯೂ ಇರಬೇಕು.

12ನೆಯ ಶತಮಾನದ ಶರಣರಲ್ಲಿ ಒಕ್ಕಲಿಗ ಮುದ್ದಣ್ಣನು ಬೇಸಾಯದ ಕಾಯಕದವನು. ‘ಕಾಮಭೀಮ ಜೀವಧನದೊಡೆಯ’ ಎಂಬುದು ಆತನ ಅಂಕಿತ. ಭೂಮಿ, ಬೀಜ, ಬೆಳೆ ಮೊದಲಾದ ಬೇಸಾಯದ ಮಾತುಗಳಿಂದಲೇ ಆತನು ಶಿವಾನುಭವವನ್ನು ಹೇಳಿದನು. ಅರಿವಿಗಾಗಿ ನೇಗಿಲನ್ನು ಬಿಟ್ಟು ಅರಣ್ಯವನ್ನು ಸೇರಬೇಕಾಗಿಲ್ಲ. ಸತ್ಯಶುದ್ಧವಾದ ಕಾಯಕವೂ ಅದರಿಂದ ಬಂದುದರ ದಾಸೋಹವೂ ಕೂಡಿದರೆ ಹೊಲವೇ ಸಾಧನೆಯ ನೆಲೆಯಾಗುವುದೆಂಬುದು ಶರಣರ ನಿಲುವು. ಇಲ್ಲಿ ಕಾಯಕವೊಂದೇ ಸಾಲದು. ದಾಸೋಹವಿಲ್ಲದ ದುಡಿಮೆ ಬರಿಯ ಜೀವನೋಪಾಯವಾಗುತ್ತದೆ.

ಈ ತತ್ತ್ವವು ಒಕ್ಕಲಿಗನ ನಡೆಯಲ್ಲಿ ಹೇಗೆ ತೋರುತ್ತಿತ್ತೆಂಬುದಕ್ಕೆ ಬಯಲುಸೀಮೆಯ ಹಳೆಯ ಕಣವೇ ಸಾಕ್ಷಿ. ಸೆಗಣಿ ಸಾರಿಸಿದ ಕಣದ ನಡುವೆ ಮೇಟಿ ನೆಟ್ಟು, ಎತ್ತುಗಳಿಂದ ತೆನೆ ತುಳಿಸಿ, ಕಾಳನ್ನು ತೂರಿ, ರಾಶಿಪೂಜೆ ಮಾಡಿ ಅಳೆಯುತ್ತಿದ್ದರು. ಮೊದಲ ಅಳತೆಯನ್ನು ‘ಒಂದು’ ಎನ್ನದೆ ‘ಲಾಭ’ ಎನ್ನುತ್ತಿದ್ದರು. ಆದರೆ ಆ ಲಾಭವೆಲ್ಲವೂ ಒಡೆಯನ ಹಗೇವಿಗೆ ಸೇರತಕ್ಕದ್ದಾಗಿರಲಿಲ್ಲ. ನೇಗಿಲು ಮಾಡಿದ ಬಡಿಗನಿಗೆ, ಕುಡ ಹಣಿದ ಕಮ್ಮಾರನಿಗೆ, ಉಳಿದ ಆಯಗಾರರಿಗೆ ಆಯ ಸಲ್ಲಬೇಕು. ಜಂಗಮಕ್ಕೆ, ಬೇಡಿ ಬಂದವರಿಗೆ ಸಲ್ಲಬೇಕು. ಬರುವ ವರ್ಷದ ಬೀಜ ಬೇರೆಯಾಗಬೇಕು. ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲುವಾಗ ತಾನು ಉಣ್ಣುವ ಮೊದಲು ಭೂಮಿಗೆ ಎಡೆಯಿಡುವುದೂ ಇದೇ ಭಾವ. ಇಂದು ಯಂತ್ರವು ರಸ್ತೆಯ ಬದಿಯಲ್ಲಿಯೇ ಒಕ್ಕಣೆ ಮುಗಿಸುತ್ತದೆ; ಆಯದ ಪದ್ಧತಿ ಬಹುಮಟ್ಟಿಗೆ ಅಳಿದಿದೆ. ಪದ್ಧತಿ ಅಳಿದರೂ ಅದರೊಳಗಿನ ಋಣಜ್ಞಾನ ಅಳಿಯಬಾರದು. ಎಂಬತ್ತು ವರ್ಷ ಬಾಳಿದ ರೈತನನ್ನು ನೆನೆಯುವಾಗ ಆತನ ರಾಶಿ ಎಷ್ಟು ದೊಡ್ಡದೆಂದು ಕೇಳುವುದಕ್ಕಿಂತ, ಆ ರಾಶಿಯಿಂದ ಯಾರು ಯಾರು ಉಂಡರೆಂದು ಕೇಳುವುದು ಯುಕ್ತ.

ಇನ್ನು ಮನೆಯ ವಿಷಯ. ಬೀಜವನ್ನು ಹಸನು ಮಾಡಿ ಬೂದಿಯಲ್ಲಿ ಬೆರೆಸಿ ಕಾಪಾಡಿದವಳು, ಬುತ್ತಿ ಹೊತ್ತು ಹೊಲಕ್ಕೆ ನಡೆದವಳು, ಕಳೆ ತೆಗೆದವಳು ಆತನ ಮಡದಿ. ಆಕೆಯನ್ನು ಬಿಟ್ಟು ಆತನ ಬಾಳನ್ನು ಹೇಳುವುದು ಅರ್ಧ ಹೇಳಿದಂತೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನು ತಿದ್ದಿದ ಕಥೆ ಪ್ರಸಿದ್ಧವಾಗಿದೆ. ಪತಿಯ ಕಾಯಕವನ್ನು ಶುದ್ಧಗೊಳಿಸಿದ ಸತಿ ಆಕೆ. ಸಂಸಾರವು ಆಸೆಯನ್ನು ಬೆಳೆಸಬಲ್ಲುದು, ಆಸೆಯನ್ನು ಅಳೆಯಲೂ ಬಲ್ಲುದು. ಎರಡನೆಯದನ್ನು ಕಲಿಸಿದ ಮನೆಯೇ ಶರಣರ ಮನೆ.

ಈಗ ಮಕ್ಕಳ ಕರ್ತವ್ಯವೇನು? ವೀರಶೈವರಲ್ಲಿ ಮರಣಸೂತಕವಿಲ್ಲ. ಕರಸ್ಥಲದಲ್ಲಿ ಲಿಂಗವಿರಿಸಿ, ವಿಭೂತಿ ಧರಿಸಿ ಸಮಾಧಿಸ್ಥನಾದವನಿಗೆ ಪಿಂಡದ ಹಂಗೂ ಇಲ್ಲ. ಆದರೆ ಸೂತಕವಿಲ್ಲವೆಂದರೆ ಋಣವಿಲ್ಲವೆಂದು ಅರ್ಥವಲ್ಲ. ತಂದೆಯು ಕೊಡಬೇಕಾಗಿದ್ದ ಕೂಲಿಯನ್ನು, ತೀರಿಸಬೇಕಾಗಿದ್ದ ಸಾಲವನ್ನು ಸಲ್ಲಿಸುವುದು ಮೊದಲ ಸ್ಮರಣೆ. ಸಾಲ ಮಾಡಿ ಊರಿಗೆಲ್ಲ ಊಟ ಹಾಕಿ, ಆಳಿನ ಕೂಲಿಯನ್ನು ಉಳಿಸಿಕೊಂಡರೆ ಅದು ದಾಸೋಹವೆನಿಸದು, ಆಡಂಬರವೆನಿಸುತ್ತದೆ.

ಎರಡನೆಯದು ಪಾಲಿನ ಪ್ರಶ್ನೆ. ಹಿರಿಯನು ಅಳಿದೊಡನೆ ಗಂಡುಮಕ್ಕಳು ಹೊಲ ಹಂಚಿಕೊಂಡು, ಹೆಣ್ಣುಮಕ್ಕಳಿಂದ ಹಕ್ಕು ಬಿಟ್ಟ ಪತ್ರಕ್ಕೆ ರುಜು ಹಾಕಿಸಿಕೊಳ್ಳುವುದು ಎಷ್ಟೋ ಮನೆಗಳಲ್ಲಿ ನಡೆದಿದೆ. ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಿ ಆದ ತಿದ್ದುಪಡಿಯ ಪ್ರಕಾರ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗನಂತೆ ಮಗಳಿಗೂ ಹುಟ್ಟಿನಿಂದಲೇ ಹಕ್ಕುಂಟು. ಹೆಣ್ಣಿಗೂ ಗಂಡಿಗೂ ಒಂದೇ ಲಿಂಗದೀಕ್ಷೆಯನ್ನಿತ್ತ ಧರ್ಮದವರು ಇದನ್ನು ಕಾಯಿದೆಯ ಭಯದಿಂದ ಒಪ್ಪಬೇಕೆ? 1974ರ ಭೂಸುಧಾರಣೆಯ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಗೇಣಿಗೆ ಉಳುತ್ತಿದ್ದ ಅನೇಕ ಮನೆತನಗಳು ಹೊಲದ ಒಡೆತನ ಪಡೆದವು. ಉಳುವವನಿಗೆ ನ್ಯಾಯ ಬೇಡಿ ಪಡೆದ ಭೂಮಿಯಲ್ಲಿ ಕಳೆ ತೆಗೆದ ಮಗಳಿಗೆ ನ್ಯಾಯ ತಪ್ಪಿಸಿದರೆ, ತಂದೆಯ ಹೆಸರಿನಲ್ಲಿ ನಡೆಸಿದ ಗಣಾರಾಧನೆ ಬರಿಯ ಊಟವಾಗಿ ಮುಗಿಯುತ್ತದೆ.

ಆದುದರಿಂದ ವರ್ಷಕ್ಕೊಮ್ಮೆ ಹಿರಿಯನ ಸ್ಮರಣೆಗೆ ಕುಳಿತ ಮನೆಯವರು ಮೂರು ಪ್ರಶ್ನೆಗಳನ್ನು ತಮ್ಮೊಳಗೆ ಕೇಳಿಕೊಳ್ಳಬೇಕು: ಆತನು ಉಳಿಸಿದ ಋಣ ತೀರಿತೆ? ಆತನು ಕೊಡುತ್ತಿದ್ದವರಿಗೆ ಇಂದಿಗೂ ಈ ಮನೆಯಿಂದ ಏನಾದರೂ ಸಲ್ಲುತ್ತಿದೆಯೆ? ಆತನ ಮಕ್ಕಳೆಲ್ಲರೂ ಮನಸ್ಸಿನಲ್ಲಿ ಕೊರತೆಯಿಲ್ಲದೆ ಒಂದೇ ಪಂಕ್ತಿಯಲ್ಲಿ ಕುಳಿತಿದ್ದಾರೆಯೆ? ಹೌದೆಂಬ ಉತ್ತರ ಬಂದ ಮನೆಯಲ್ಲಿ ಆ ಒಕ್ಕಲಿಗನ ಕಾಯಕ ನಿಂತಿಲ್ಲವೆಂದು ತಿಳಿಯಬೇಕು. ಇಲ್ಲವೆಂಬ ಉತ್ತರ ಬಂದರೆ, ಪೂಜೆಗೆ ಮೊದಲು ಆ ಕೊರತೆಯನ್ನು ತುಂಬುವುದೇ ಶರಣಸಮ್ಮತವಾದ ಮಾರ್ಗ.