ರೂಟರ್‌ನಲ್ಲಿ ಯಾವ ಸಂಪರ್ಕ ಆರಿಸಬೇಕು?

ಲೋಕಾಪುರದ ಗೆಳೆಯನ ಅಂಗಡಿಯಲ್ಲಿ ಹಳೆಯ ಮೋಡೆಮ್ ಸಿಡಿಲಿಗೆ ಸುಟ್ಟಿತ್ತು. ಹೊಸ ರೂಟರ್ ತಂದು ಜೋಡಿಸಿದ್ದ. ಡಿಎಸ್‌ಎಲ್ ದೀಪ ಹಸಿರಾಗಿ ನಿಂತಿದೆ, ಇಂಟರ್ನೆಟ್ ದೀಪ ಮಾತ್ರ ಕೆಂಪು. ಲೈನ್‌ಮನ್‌ಗೆ ಫೋನ್ ಹಚ್ಚಲು ಹೊರಟವನನ್ನು ತಡೆದೆ. ತಂತಿಯಲ್ಲಿ ತೊಂದರೆ ಇರಲಿಲ್ಲ; ರೂಟರ್‌ನಲ್ಲಿ ಸಂಪರ್ಕದ ವಿಧ 'ಡೈನಾಮಿಕ್ ಐಪಿ' ಎಂದಿತ್ತು.

ಹಾಗಾಗಿ ಮೊದಲು ದೀಪ ನೋಡಿ. ಡಿಎಸ್‌ಎಲ್ ದೀಪ ಮಿಣುಕುತ್ತಲೇ ಇದ್ದರೆ ದೋಷ ತಂತಿಯದ್ದು, ಸ್ಪ್ಲಿಟರ್‌ನದ್ದು ಅಥವಾ ಎಕ್ಸ್‌ಚೇಂಜ್‌ನದ್ದು. ಆಗ ಸೆಟ್ಟಿಂಗ್ ಎಷ್ಟು ಬದಲಿಸಿದರೂ ಪ್ರಯೋಜನವಿಲ್ಲ. ಅದು ಸ್ಥಿರವಾಗಿ ನಿಂತ ಮೇಲೆಯೇ ಮುಂದಿನ ಕೆಲಸ.

ಬ್ರೌಸರ್‌ನಲ್ಲಿ 192.168.1.1 ಎಂದು ಬರೆದು ರೂಟರ್‌ನ ಪುಟ ತೆರೆಯಿರಿ. ಕೆಲವು ಕಂಪನಿಗಳ ವಿಳಾಸ ಬೇರೆ ಇರುತ್ತದೆ, ರೂಟರ್‌ನ ಬೆನ್ನಿನ ಚೀಟಿಯಲ್ಲಿ ಸಿಗುತ್ತದೆ. 'ವ್ಯಾನ್' ವಿಭಾಗದಲ್ಲಿ ಪಿಪಿಪಿಒಇ, ಪಿಪಿಪಿಒಎ, ಡೈನಾಮಿಕ್ ಐಪಿ, ಬ್ರಿಡ್ಜ್ ಎಂಬ ಆಯ್ಕೆಗಳು ಕಾಣುತ್ತವೆ. ಇದರಲ್ಲಿ ನಮ್ಮ ಇಷ್ಟ ನಡೆಯುವುದಿಲ್ಲ. ಎಕ್ಸ್‌ಚೇಂಜ್ ಯಾವುದನ್ನು ಒಪ್ಪುತ್ತದೋ ಅದೇ ಆಗಬೇಕು. ಬಿಎಸ್‌ಎನ್‌ಎಲ್‌ನ ತಾಮ್ರದ ತಂತಿಗೆ ಪಿಪಿಪಿಒಇ ಆರಿಸಿ. ವಿಪಿಐ 0, ವಿಸಿಐ 35, ಎನ್‌ಕ್ಯಾಪ್ಸುಲೇಷನ್ ಎಲ್‌ಎಲ್‌ಸಿ. ನಂತರ ನಿಮ್ಮ ಯೂಸರ್‌ನೇಮ್, ಪಾಸ್‌ವರ್ಡ್ ತುಂಬಿ ಸೇವ್ ಮಾಡಿ.

ಪಿಪಿಪಿಒಇಯಲ್ಲಿ ರೂಟರ್ ಮೊದಲು ಹೆಸರು, ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗಬೇಕು. ಆಮೇಲೆಯೇ ಐಪಿ ವಿಳಾಸ ಸಿಗುತ್ತದೆ. ಡೈನಾಮಿಕ್ ಐಪಿಯಲ್ಲಿ ಈ ಲಾಗಿನ್ನೇ ಇಲ್ಲ. ಗೆಳೆಯನ ರೂಟರ್ ಹೆಸರು ಹೇಳದೆ ವಿಳಾಸ ಕೇಳುತ್ತಿತ್ತು, ಎಕ್ಸ್‌ಚೇಂಜ್ ಸುಮ್ಮನಿತ್ತು. ಪಿಪಿಪಿಒಎ ಬ್ರಿಟನ್‌ನ ಡಿಎಸ್‌ಎಲ್‌ನಲ್ಲಿ ಹೆಚ್ಚು ಬಳಕೆಯಲ್ಲಿದ್ದ ವಿಧಾನ, ಅಲ್ಲಿಯ ವಿಸಿಐ 38. ವಿದೇಶದ ನೆಂಟರು ರೂಟರ್ ತಂದುಕೊಟ್ಟಿದ್ದರೆ ಈ ಎರಡನ್ನೂ ಬದಲಿಸುವುದನ್ನು ಮರೆಯಬೇಡಿ.

ಬ್ರಿಡ್ಜ್ ಬಗ್ಗೆಯೇ ಗೊಂದಲ ಹೆಚ್ಚು. ಬ್ರಿಡ್ಜ್‌ನಲ್ಲಿರುವ ಮೋಡೆಮ್ ತಾನು ಲಾಗಿನ್ ಆಗುವುದಿಲ್ಲ, ಬಂದದ್ದನ್ನು ಮುಂದಕ್ಕೆ ದಾಟಿಸುತ್ತದೆ ಅಷ್ಟೆ. 2005ರಲ್ಲಿ ಡೇಟಾಒನ್ ಬಂದ ಹೊಸತರಲ್ಲಿ ಕಂಪ್ಯೂಟರ್‌ನಲ್ಲೇ ಡಯಲರ್ ಒತ್ತಿ ನೆಟ್ ಹಚ್ಚುತ್ತಿದ್ದದ್ದು ಹೀಗೆಯೇ. ಈಗ ಮನೆಯ ಎಲ್ಲ ಮೊಬೈಲ್‌ಗಳಿಗೂ ವೈಫೈ ಬೇಕು, ಆದ್ದರಿಂದ ಒಂದೇ ಪೆಟ್ಟಿಗೆ ಇದ್ದರೆ ಅದರಲ್ಲೇ ಪಿಪಿಪಿಒಇ ಇಡಿ. ಮೋಡೆಮ್ ಬೇರೆ, ರೂಟರ್ ಬೇರೆ ಇದ್ದರೆ ಮೋಡೆಮ್ ಬ್ರಿಡ್ಜ್‌ನಲ್ಲಿರಲಿ, ಪಾಸ್‌ವರ್ಡ್ ರೂಟರ್‌ನಲ್ಲಿರಲಿ. ಎರಡರಲ್ಲೂ ಲಾಗಿನ್ ಇಟ್ಟರೆ ಕಿತ್ತಾಟ ತಪ್ಪದು.

ಕೆಲವು ತಾಣ ತೆರೆಯುತ್ತವೆ, ಕೆಲವು ಅರ್ಧಕ್ಕೇ ನಿಲ್ಲುತ್ತವೆ ಎಂದಾದರೆ ಎಂಟಿಯು ಅಂಕಿ ನೋಡಿ. ಅದು 1500 ಇದ್ದರೆ 1492 ಮಾಡಿ. ಪಿಪಿಪಿಒಇಯ ಸ್ವಂತ ಹೊರೆಗೇ 8 ಬೈಟ್ ಬೇಕು.

ಫೈಬರ್‌ಗೆ ಬದಲಾಗುವವರಿಗೂ ಬಿಎಸ್‌ಎನ್‌ಎಲ್‌ನಲ್ಲಿ ಪಿಪಿಪಿಒಇಯೇ ಇದೆ. ವಿಪಿಐ, ವಿಸಿಐ ಬದಲು ವಿಲ್ಯಾನ್ ಸಂಖ್ಯೆ ಕೇಳುತ್ತದೆ, ಅದನ್ನು ಸಂಪರ್ಕ ಕೊಟ್ಟವರಿಂದಲೇ ಬರೆಸಿಕೊಳ್ಳಿ.

ಪಾಸ್‌ವರ್ಡ್ ಕೈಯಲ್ಲಿಲ್ಲದೆ ರೀಸೆಟ್ ಬಟನ್ ಒತ್ತಲೇಬೇಡಿ. ಗುಡುಗು ಶುರುವಾದರೆ ಕರೆಂಟಿನ ಪ್ಲಗ್ ಜೊತೆಗೆ ಫೋನಿನ ವೈರನ್ನೂ ಕಿತ್ತಿಡಿ. ಗೆಳೆಯ ಅಂದು ಪ್ಲಗ್ ಮಾತ್ರ ಕಿತ್ತಿದ್ದ.