ಬೆಳೆ ಬದಲಾದರೂ ಕಸ ಏಕೆ ಬದಲಾಗದು?



ಕಬ್ಬಿನ ಹೊಲದಲ್ಲಿ ಕಸ ಹೆಚ್ಚಾದರೆ ಆಳು ಹಚ್ಚಿ ಕೀಳಿಸುವುದು ನಮ್ಮ ವಾಡಿಕೆ. ಆದರೆ ಯಾವ ಕಸ ಎಲ್ಲಿ ಬಲಿಯಬೇಕೆಂಬುದನ್ನು ಹಿಂದಿನ ಬೆಳೆ ಮತ್ತು ಹಾಕಿದ ಗೊಬ್ಬರ ಬಹುಮಟ್ಟಿಗೆ ಮೊದಲೇ ನಿಶ್ಚಯಿಸಿರುತ್ತವೆ. ಇದಕ್ಕೆ ಸ್ಟ್ರೈಗಾಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಡ. ಮರಾಠಿಯಲ್ಲಿ ಟಾರಫುಲಾ ಎನ್ನುವ, ಜೋಳದ ಹೊಲದಲ್ಲಿ ನಮ್ಮ ಹಿರಿಯರು ಕಂಡಿರುವ ಗೇಣುದ್ದದ ಸಣ್ಣ ಹೂವಿನ ಕಸವೇ ಇದು.

ಇದು ಪರಾವಲಂಬಿ. ತನ್ನ ಬೇರನ್ನು ಜೋಳದ ಅಥವಾ ಕಬ್ಬಿನ ಬೇರಿಗೆ ಹಚ್ಚಿ ನೀರು, ಅನ್ನ ಎರಡನ್ನೂ ಹೀರುತ್ತದೆ. ಮಣ್ಣಿನ ಮೇಲೆ ಕಾಣುವ ಮೊದಲೇ ಹಲವು ವಾರ ಒಳಗಿದ್ದು ಹಾನಿ ಮಾಡಿರುತ್ತದೆ. ನೀರುಂಡ ಕಬ್ಬು ಬಾಡಿದಂತೆ ನಿಂತರೆ, ನೀರು ಸಾಲಲಿಲ್ಲವೆಂದು ಇನ್ನೊಂದು ಪಾಳಿ ಹಾಯಿಸುವವರುಂಟು; ಬುಡ ಅಗೆದು ಬೇರು ನೋಡುವವರು ಕಡಿಮೆ. ಒಂದು ಗಿಡ ಹತ್ತಾರು ಸಾವಿರ ಬೀಜ ಉದುರಿಸುತ್ತದೆ. ಧೂಳಿನಂಥ ಈ ಬೀಜ ಮಣ್ಣಿನಲ್ಲಿ 10 ವರ್ಷಕ್ಕೂ ಮೇಲ್ಪಟ್ಟು ಜೀವ ಹಿಡಿದಿರಬಲ್ಲದು. ಆದ್ದರಿಂದ ಉಜನಿಯ ನೀರು ಬಂದು ಜೋಳದ ಹೊಲ ಕಬ್ಬಿನ ಹೊಲವಾದ ಕಡೆ, ಹಳೆಯ ಕಸ ಜೋಳದೊಂದಿಗೇ ಹೋಯಿತೆಂದು ನಿಶ್ಚಿಂತರಾಗುವಂತಿಲ್ಲ.

ಈ ಬೀಜ ತಾನಾಗಿ ಮೊಳೆಯುವುದಿಲ್ಲ. ಹತ್ತಿರದ ಬೇರು ಸ್ರವಿಸುವ ಒಂದು ದ್ರವ್ಯದ ಸುಳಿವು ಸಿಕ್ಕಾಗಲೇ ಏಳುತ್ತದೆ. ಆ ದ್ರವ್ಯವನ್ನು ವಿಜ್ಞಾನಿಗಳು ಮೊದಲು ಬೇರ್ಪಡಿಸಿದ್ದು 1966ರಲ್ಲಿ, ಹತ್ತಿಯ ಬೇರಿನಿಂದ. ಮೋಜೆಂದರೆ ಹತ್ತಿಯ ಮೇಲೆ ಸ್ಟ್ರೈಗಾ ಬದುಕಲಾರದು. ಹತ್ತಿ ಅದನ್ನು ಊಟಕ್ಕೆ ಕರೆಯುತ್ತದೆ, ಎಲೆ ಹಾಕುವುದಿಲ್ಲ. ಮೊಳಕೆ ಕೆಲವೇ ದಿನಗಳಲ್ಲಿ ಸಾಯುತ್ತದೆ. ಶೇಂಗಾ, ಅಲಸಂದೆ, ಸೋಯಾಬೀನ್, ಸೂರ್ಯಕಾಂತಿಗಳಿಗೂ ಈ ಗುಣ ಉಂಟು, ತಳಿಯಿಂದ ತಳಿಗೆ ಹೆಚ್ಚು ಕಡಿಮೆ.

ಈಗ ನಮ್ಮ ಸರದಿಯನ್ನು ನೋಡಿರಿ. ಲಾಗಣ ಕಬ್ಬು, ಖೋಡವಾ, ಇನ್ನೊಂದು ಖೋಡವಾ, ಅದನ್ನು ಮುರಿದು ಜೋಳ ಇಲ್ಲವೆ ಗೋವಿನಜೋಳ, ಮತ್ತೆ ಕಬ್ಬು. ಬೆಳೆ ಬದಲಾಯಿತು, ಕುಲ ಬದಲಾಗಲಿಲ್ಲ. ಎಲ್ಲವೂ ಹುಲ್ಲಿನ ಜಾತಿ, ಎಲ್ಲವೂ ಸ್ಟ್ರೈಗಾಕ್ಕೆ ಆಸರೆ. ಕಸ ಕಂಡ ಹೊಲದಲ್ಲಿ ಎರಡನೆಯ ಖೋಡವಾದ ಆಸೆ ಬಿಟ್ಟು ಶೇಂಗಾ ಅಥವಾ ಸೋಯಾಬೀನ್ ಹಾಕುವುದು ಲೇಸು. ಆ ವರ್ಷ ಕಬ್ಬಿನ ಹಣ ಕೈಗೆ ಬಾರದು, ಕಾರ್ಖಾನೆಗೂ ಆ ಹೊಲದ ಕಬ್ಬು ತಪ್ಪುತ್ತದೆ. ಆದರೂ ನಮ್ಮ ಸಲಹೆ ಇದೇ. ಒಂದೇ ವರ್ಷಕ್ಕೆ ಬೀಜ ತೀರುವುದಿಲ್ಲವಾದ್ದರಿಂದ ಪ್ರತಿ ಸರದಿಯಲ್ಲೂ ಇಂಥದೊಂದು ಬೆಳೆ ಇರತಕ್ಕದ್ದು.

ಇನ್ನು ಗೊಬ್ಬರ. ಸಾರಜನಕ, ರಂಜಕ ಸಾಲದ ನೆಲದಲ್ಲಿ ಜೋಳದಂಥ ಬೆಳೆಯ ಬೇರು ಆ ದ್ರವ್ಯವನ್ನು ಹೆಚ್ಚು ಸ್ರವಿಸುತ್ತದೆ. ಹಸಿದ ಹೊಲವೇ ಕಸವನ್ನು ಕೂಗಿ ಕರೆದಂತೆ. ಸುರು ಕಬ್ಬಿಗೆ ಮಹಾರಾಷ್ಟ್ರದ ಶಿಫಾರಸು ಹೆಕ್ಟೇರಿಗೆ 250 ಕಿಲೋ ಸಾರಜನಕ: ನೂರಕ್ಕೆ 10 ಪಾಲು ಲಾಗಣದಲ್ಲಿ, 40 ಪಾಲು 6ರಿಂದ 8 ವಾರಕ್ಕೆ, 10 ಪಾಲು 12ರಿಂದ 16 ವಾರಕ್ಕೆ, ಉಳಿದ 40 ಮಣ್ಣು ಏರಿಸುವಾಗ. ಮೊದಲ ಕಂತುಗಳನ್ನು ತಪ್ಪಿಸಿ ಕೊನೆಗೆ ಒಮ್ಮೆಲೇ ಸುರಿದರೆ ಈ ಲಾಭವಿಲ್ಲ.

ಆದರೆ ಗೊಬ್ಬರ ಎಲ್ಲ ಕಸಕ್ಕೂ ಮದ್ದಲ್ಲ. ಜೇಕಿಗೆ ಸಾರಜನಕವೆಂದರೆ ಹಬ್ಬದೂಟ. ಸಾಲಿನ ನಡುವೆ ಎರಚಿದ ಯೂರಿಯಾವನ್ನು ಕಬ್ಬಿಗಿಂತ ಮೊದಲು ಅದೇ ಉಣ್ಣುತ್ತದೆ. ಜೇಕು ನೆರಳನ್ನು ಮಾತ್ರ ತಾಳದು. ಗೊಬ್ಬರವನ್ನು ಬುಡದ ಬಳಿ ಕೊಟ್ಟು ಮಣ್ಣು ಮುಚ್ಚಿದರೆ ಕಬ್ಬು ಬೇಗ ಹಬ್ಬಿ ಸಾಲು ಮುಚ್ಚುತ್ತದೆ, ಜೇಕು ತಾನೇ ಸೊರಗುತ್ತದೆ.

ಮೇಲೆದ್ದ ಸ್ಟ್ರೈಗಾಕ್ಕೆ 2,4-ಡಿ ಹೊಡೆಯುವವರು ಪಕ್ಕದಲ್ಲಿ ಹತ್ತಿ, ದ್ರಾಕ್ಷಿ ಇದ್ದರೆ ಕೈ ತಡೆಯಬೇಕು. ಗಾಳಿಗೆ ತೇಲಿದ ಸ್ವಲ್ಪವೇ ಔಷಧದಿಂದಲೂ ಆ ಬೆಳೆ ಕೆಡುತ್ತದೆ. ಅಂಥಲ್ಲಿ ಹೂ ಬಿಡುವ ಮುನ್ನ ಕೈಯಿಂದ ಕಿತ್ತು ಸುಡಬೇಕು. ಬಲಿತದ್ದನ್ನು ಬದುವಿಗೆ ಎಸೆದರೆ ಬೀಜ ಮಳೆನೀರಿನೊಂದಿಗೆ ನೆರೆಯವರ ಹೊಲಕ್ಕೆ ಇಳಿಯುತ್ತದೆ.