ಮನೆತನದ ಚರಿತ್ರೆಯೂ ಗಣಕಯಂತ್ರವೂ

ಕರ್ನಾಟಕದ ಹಳ್ಳಿಗಳಲ್ಲಿ, ವಿಶೇಷವಾಗಿ ಉತ್ತರದ ಜಿಲ್ಲೆಗಳಲ್ಲಿ, ಹೆಳವರನ್ನು ಕಂಡವರು ಇನ್ನೂ ಅನೇಕರಿದ್ದಾರೆ. ಎತ್ತಿನ ಮೇಲೆ ಕುಳಿತು, ಗಂಟೆಯ ಸದ್ದಿನೊಡನೆ ಮನೆಯ ಮುಂದೆ ಬಂದು ನಿಲ್ಲುವ ಹೆಳವರು ಆ ಮನೆತನದ ಪೂರ್ವಿಕರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಾರೆ. ತಾವು ಹಿಂದಿನ ಸಲ ಬಂದು ಹೋದ ಮೇಲೆ ಹುಟ್ಟಿದ ಮಕ್ಕಳ ಹೆಸರುಗಳನ್ನು ಕೇಳಿ ತಿಳಿದು ಸೇರಿಸಿಕೊಳ್ಳುತ್ತಾರೆ. ಮನೆಯವರು ಕೊಟ್ಟ ದವಸವನ್ನು ಪಡೆದು ಮುಂದಿನ ಊರಿಗೆ ಹೊರಡುತ್ತಾರೆ. ವಂಶದ ನೆನಪನ್ನು ಕಾಪಾಡುವುದೇ ಒಂದು ವೃತ್ತಿಯಾಗಿ ಬೆಳೆದುದಕ್ಕೆ ಇದು ಒಳ್ಳೆಯ ನಿದರ್ಶನ.

ಹೆಳವರು ಬಾರದ ಮನೆಗಳಲ್ಲಿ ಈ ಕೆಲಸವನ್ನು ಮಾಡುವವರಾರು? ವಾಚಕರು ಮುಂದಕ್ಕೆ ಓದುವ ಮೊದಲು ಒಂದು ಚಿಕ್ಕ ಪರೀಕ್ಷೆಯನ್ನು ಮಾಡಿಕೊಳ್ಳಬೇಕೆಂದು ನಮ್ಮ ಕೋರಿಕೆ. ಪ್ರತಿಯೊಬ್ಬರಿಗೂ ತಂದೆತಾಯಿಗಳು ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು, ಮುತ್ತಜ್ಜ ಮುತ್ತಜ್ಜಿಯರು ಎಂಟು ಮಂದಿ. ಈ ಎಂಟರಲ್ಲಿ ನಾಲ್ವರು ಸ್ತ್ರೀಯರು. ಆ ನಾಲ್ವರ ಹೆಸರುಗಳನ್ನು ಒಂದು ಕಾಗದದ ಮೇಲೆ ಬರೆಯಿರಿ. ನಮ್ಮ ತರಗತಿಯಲ್ಲಿ ಈ ಪ್ರಶ್ನೆಯನ್ನು ಕೇಳಿದಾಗ ಬಹು ಮಂದಿಯ ಲೇಖನಿ ಮೊದಲನೆಯ ಹೆಸರಿಗೇ ನಿಂತುಬಿಟ್ಟಿತು. ನೂರು ವರ್ಷಗಳಷ್ಟು ಹಿಂದಿನ ಮಾತೂ ಅಲ್ಲ. ಆದರೂ ಹೆಸರು ಅಳಿಸಿಹೋಗಿದೆ.

ಇಂತಹ ಹೆಸರುಗಳನ್ನು ಕೂಡಿಸಿ, ಒಪ್ಪವಾಗಿ ಜೋಡಿಸಿ, ಗ್ರಂಥರೂಪದಲ್ಲಿ ಮುದ್ರಿಸುವ ಕಾರ್ಯದಲ್ಲಿ ಗಣಕಯಂತ್ರವು ಹೇಗೆ ನೆರವಾಗುತ್ತದೆ ಎಂಬುದನ್ನು ಈ ಲೇಖನದಲ್ಲಿ ವಿವೇಚಿಸೋಣ.

ವೃಕ್ಷವಲ್ಲ, ಜಾಲ

ಒಂದೊಂದು ತಲೆಮಾರು ಹಿಂದಕ್ಕೆ ಹೋದಂತೆ ಪೂರ್ವಿಕರ ಸಂಖ್ಯೆ ಇಮ್ಮಡಿಯಾಗುತ್ತದೆ: 2, 4, 8, 16. ಹತ್ತನೆಯ ತಲೆಮಾರಿನಲ್ಲಿ ಅದು 1,024, ಇಪ್ಪತ್ತನೆಯದರಲ್ಲಿ 10,48,576, ಮೂವತ್ತನೆಯದರಲ್ಲಿ 107 ಕೋಟಿಯನ್ನು ಮೀರುತ್ತದೆ. ಒಂದು ತಲೆಮಾರಿಗೆ ಸುಮಾರು 27 ವರ್ಷಗಳೆಂದು ಹಿಡಿದರೆ ಮೂವತ್ತು ತಲೆಮಾರುಗಳೆಂದರೆ ಸುಮಾರು 800 ವರ್ಷಗಳು. ಆ ಕಾಲದಲ್ಲಿ ಪ್ರಪಂಚದ ಒಟ್ಟು ಜನಸಂಖ್ಯೆಯೇ 50 ಕೋಟಿಯನ್ನು ಮುಟ್ಟಿರಲಿಲ್ಲ. ಹಾಗಾದರೆ ನಮ್ಮ ಲೆಕ್ಕ ತಪ್ಪೇ? ಲೆಕ್ಕ ತಪ್ಪಲ್ಲ. ಒಬ್ಬನೇ ವ್ಯಕ್ತಿಯು ಹಲವು ಸ್ಥಾನಗಳಲ್ಲಿ ಪೂರ್ವಿಕನಾಗಿ ಬರುತ್ತಾನೆ, ಅಷ್ಟೆ.

ದಕ್ಷಿಣ ಭಾರತದಲ್ಲಿ ಇದಕ್ಕೆ ಉದಾಹರಣೆಯನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಅಕ್ಕನ ಮಗಳನ್ನು ಸೋದರಮಾವನಿಗೆ ಕೊಟ್ಟು ಮಾಡುವ ಮದುವೆ ನಮ್ಮಲ್ಲಿ ಅನೇಕ ಮನೆಗಳಲ್ಲಿ ನಡೆದಿದೆ. ಇಂತಹ ದಂಪತಿಗಳ ಮಗುವನ್ನು ಗಮನಿಸಿ. ತಂದೆಯ ತಂದೆತಾಯಿಗಳು ಆ ಮಗುವಿಗೆ ಅಜ್ಜ ಅಜ್ಜಿಯರು. ಅವರೇ ತಾಯಿಯ ತಾಯಿಗೂ ತಂದೆತಾಯಿಗಳಾದುದರಿಂದ ಅದೇ ಮಗುವಿಗೆ ಮುತ್ತಜ್ಜ ಮುತ್ತಜ್ಜಿಯರೂ ಹೌದು. ಮೂರು ತಲೆಮಾರುಗಳಲ್ಲಿ ಇರಬೇಕಾದ ಹದಿನಾಲ್ಕು ಸ್ಥಾನಗಳನ್ನು ಇಲ್ಲಿ ಹನ್ನೆರಡೇ ಮಂದಿ ತುಂಬುತ್ತಾರೆ. ವೃಕ್ಷದ ಕೊಂಬೆಗಳು ಕವಲೊಡೆಯುತ್ತವೆಯೇ ಹೊರತು ಮತ್ತೆ ಬಂದು ಕೂಡಿಕೊಳ್ಳುವುದಿಲ್ಲ. ಆದುದರಿಂದ ವಂಶವೃಕ್ಷವೆಂಬ ಮಾತು ಕಾವ್ಯಕ್ಕೆ ಒಪ್ಪುತ್ತದೆ; ಗಣಿತದ ದೃಷ್ಟಿಯಲ್ಲಿ ಅದು ಒಂದು ಜಾಲ. ಕಾಗದದ ಮೇಲೆ ಕೈಯಲ್ಲಿ ಬರೆದ ವೃಕ್ಷವು ಬಹುಬೇಗ ಗೋಜಲಾಗುವುದಕ್ಕೆ ಕಾರಣವೂ ಇದೇ.

ಸಮಸಂಖ್ಯೆ, ಬೆಸಸಂಖ್ಯೆ

ಪೂರ್ವಿಕರಿಗೆ ಕ್ರಮಾಂಕವನ್ನು ಕೊಡುವ ಸುಲಭವಾದ ಪದ್ಧತಿಯೊಂದಿದೆ. ನಮಗೆ ನಾವೇ 1. ಯಾವ ವ್ಯಕ್ತಿಯ ಕ್ರಮಾಂಕವನ್ನಾದರೂ ಇಮ್ಮಡಿಸಿದರೆ ಅವರ ತಂದೆಯ ಕ್ರಮಾಂಕ ಬರುತ್ತದೆ; ಅದಕ್ಕೆ ಒಂದನ್ನು ಕೂಡಿಸಿದರೆ ತಾಯಿಯದು. ತಂದೆ 2, ತಾಯಿ 3. ತಂದೆಯ ತಂದೆ 4, ತಂದೆಯ ತಾಯಿ 5. ತಾಯಿಯ ತಂದೆ 6, ತಾಯಿಯ ತಾಯಿ 7. ಮೇಲಿನ ಉದಾಹರಣೆಯಲ್ಲಿ 4 ಮತ್ತು 14 ಒಬ್ಬರೇ. 5 ಮತ್ತು 15 ಒಬ್ಬರೇ.

ಈ ಪದ್ಧತಿಯನ್ನು 1590ರಲ್ಲಿ ಐಟ್ಸಿಂಗರ್ ಎಂಬಾತನೂ 1676ರಲ್ಲಿ ಸ್ಪೇನ್ ದೇಶದ ಸೋಸಾ ಎಂಬಾತನೂ ಬಳಸಿದ್ದರು. 1898ರಲ್ಲಿ ಇದನ್ನು ಪ್ರಚಾರಕ್ಕೆ ತಂದವರು ಜರ್ಮನಿಯ ಸ್ಟೆಫಾನ್ ಕೆಕುಲೆ. ಬೆಂಜೀನಿನ ಅಣುವು ಉಂಗುರದ ಆಕಾರದ್ದೆಂದು ಸೂಚಿಸಿದ ರಸಾಯನಶಾಸ್ತ್ರಜ್ಞ ಆಗಸ್ಟ್ ಕೆಕುಲೆಯವರ ಮಗ ಇವರು. ತಂದೆ ಪರಮಾಣುಗಳ ಸಂಬಂಧಗಳನ್ನು ಗುರುತಿಸಿದರು. ಮಗ ಮನುಷ್ಯರ ಸಂಬಂಧಗಳನ್ನು ಗುರುತಿಸಿದರು.

ದ್ವಿಮಾನ ಪದ್ಧತಿಯನ್ನು ಬಲ್ಲ ವಿದ್ಯಾರ್ಥಿಗಳಿಗೆ ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. 14ನ್ನು ದ್ವಿಮಾನದಲ್ಲಿ ಬರೆದರೆ 1110. ಮೊದಲನೆಯ 1 ನಾವು. ಅಲ್ಲಿಂದ ಮುಂದೆ 1 ಬಂದರೆ ತಾಯಿ, 0 ಬಂದರೆ ತಂದೆ ಎಂದು ಓದಿಕೊಂಡು ಹೋಗಿ: ತಾಯಿಯ, ತಾಯಿಯ, ತಂದೆ. ಕ್ರಮಾಂಕವೇ ಸಂಬಂಧದ ಹೆಸರಾಯಿತು.

ಈ ಪದ್ಧತಿಯ ಮುಖ್ಯವಾದ ಗುಣವೊಂದುಂಟು. ಸಮಸಂಖ್ಯೆಗಳೆಲ್ಲ ಪುರುಷರಿಗೆ, 1ನ್ನು ಬಿಟ್ಟು ಉಳಿದ ಬೆಸಸಂಖ್ಯೆಗಳೆಲ್ಲ ಸ್ತ್ರೀಯರಿಗೆ. ನಮ್ಮ ಹಳೆಯ ವಂಶಾವಳಿಗಳು ಬಹುಮಟ್ಟಿಗೆ ಆಸ್ತಿಯ ಹಕ್ಕನ್ನು ತೋರಿಸುವುದಕ್ಕಾಗಿ ಬರೆದವು. ಅವುಗಳಲ್ಲಿ ತಂದೆಯಿಂದ ಮಗನಿಗೆ ಇಳಿಯುವ ಗೆರೆ ಮಾತ್ರ ಕಾಣುತ್ತದೆ. ಕ್ರಮಾಂಕದ ಪದ್ಧತಿಯಲ್ಲಿಯಾದರೋ ಹೆಸರು ತಿಳಿಯದಿದ್ದರೂ ಸ್ಥಾನವು ಖಾಲಿಯಾಗಿ ಉಳಿದು, ಇಲ್ಲಿ ಒಬ್ಬಾಕೆ ಇದ್ದಳೆಂಬುದನ್ನು ಸಾರುತ್ತದೆ.

ತಂತ್ರಾಂಶವು ಮಾಡುವ ಕೆಲಸ

ವಂಶಚರಿತ್ರೆಗೆಂದೇ ರಚಿತವಾದ ತಂತ್ರಾಂಶಗಳು ಅನೇಕವಿವೆ. ಉಚಿತವಾಗಿ ದೊರೆಯುವ ಗ್ರಾಂಪ್ಸ್ ಎಂಬುದನ್ನು ನಾವು ಉದಾಹರಣೆಗೆ ತೆಗೆದುಕೊಳ್ಳೋಣ. ಇದರ ರಚನೆ 2001ರಲ್ಲಿ ಆರಂಭವಾಯಿತು. ಇದು ಚಿತ್ರವನ್ನು ಶೇಖರಿಸುವುದಿಲ್ಲ; ಸಂಗತಿಗಳನ್ನು ಶೇಖರಿಸುತ್ತದೆ. ವ್ಯಕ್ತಿ, ಕುಟುಂಬ, ಘಟನೆ, ಸ್ಥಳ, ಆಕರ ಎಂದು ಬೇರೆಬೇರೆ ವಿಭಾಗಗಳಿದ್ದು, ಪ್ರತಿಯೊಂದು ಸಂಗತಿಯನ್ನೂ ಒಮ್ಮೆ ಮಾತ್ರ ಬರೆಯಬೇಕು. ಅಕ್ಕನ ಮಗಳ ಮದುವೆಯಲ್ಲಿ ಎರಡು ಕಡೆ ಕಾಣಿಸಿಕೊಂಡ ಅಜ್ಜನು ಕಡತದಲ್ಲಿ ಒಬ್ಬನೇ. ಅವನಿಗೆ ಕಟ್ಟಿದ ಸಂಬಂಧದ ಎಳೆಗಳು ಮಾತ್ರ ಎರಡು. ಆತನ ಊರಿನ ಹೆಸರನ್ನು ಒಂದೆಡೆ ತಿದ್ದಿದರೆ ಎಲ್ಲ ಪಟ್ಟಿಗಳಲ್ಲಿಯೂ ತಿದ್ದಿದಂತಾಗುತ್ತದೆ.

ಯಂತ್ರವು ಪ್ರತಿ ವ್ಯಕ್ತಿಗೂ ತನ್ನದೇ ಆದ ಗುರುತಿನ ಸಂಖ್ಯೆಯನ್ನು ಕೊಡುತ್ತದೆ. ಇದು ನಮ್ಮ ನಾಡಿನ ಕುಟುಂಬಗಳಿಗೆ ಬಹಳ ಆವಶ್ಯಕ. ಏಕೆಂದರೆ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮ ವಾಡಿಕೆ. ನಮ್ಮ ಮನೆತನದ ಕರಡನ್ನು ಸಿದ್ಧಪಡಿಸುವಾಗ ನಾವು ಒಂದೇ ಹೆಸರಿನ ಅಜ್ಜ ಮೊಮ್ಮಗಂದಿರನ್ನು ಒಬ್ಬರೆಂದು ಭಾವಿಸಿ ಕೂಡಿಸಿಬಿಟ್ಟಿದ್ದೆವು. ದತ್ತಾಂಶವನ್ನು ತಾಳೆ ನೋಡುವ ಸೌಕರ್ಯವು ತಂತ್ರಾಂಶದಲ್ಲಿರುವುದರಿಂದ, ತಂದೆಯು ಮಗನಿಗಿಂತ ಹನ್ನೆರಡು ವರ್ಷ ಕಿರಿಯನೆಂದು ಅದು ಎಚ್ಚರಿಸಿತು. ಯಂತ್ರಕ್ಕೆ ನಮ್ಮ ಮನೆತನವು ತಿಳಿಯದು. ಅದಕ್ಕೆ ತಿಳಿದಿರುವುದು ಕಾಲದ ಕ್ರಮ ಮಾತ್ರ. ಅಷ್ಟರಿಂದಲೇ ತಪ್ಪು ಸಿಕ್ಕಿತು.

ಒಂದು ತಂತ್ರಾಂಶದ ಕಡತವನ್ನು ಇನ್ನೊಂದು ಓದಬೇಕಾದರೆ ಸಮಾನವಾದ ಬರವಣಿಗೆಯ ಕ್ರಮವೊಂದು ಬೇಕು. ಜೆಡ್‌ಕಾಮ್ ಎಂಬ ಇಂತಹ ಕ್ರಮವನ್ನು 1984ರಲ್ಲಿ ಅಮೆರಿಕದ ಮಾರ್ಮನ್ ಚರ್ಚಿನವರು ಹೊರತಂದರು. ಇಂದಿಗೂ ಅದು ಬಳಕೆಯಲ್ಲಿದೆ.

ಅಳತೆಯ ದೋಷ

ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಒಂದು ಉದ್ದವನ್ನು ಅಳೆದರೆ ಅದರೊಡನೆ ದೋಷದ ಮಿತಿಯನ್ನೂ ಬರೆಯಬೇಕೆಂದು ವಿದ್ಯಾರ್ಥಿಗಳಿಗೆ ಕಲಿಸುತ್ತೇವೆ. ವಂಶಚರಿತ್ರೆಯಲ್ಲಿಯೂ ನಿಯಮವು ಇದೇ. ಹಿಂದಿನವರಲ್ಲಿ ಎಷ್ಟೋ ಮಂದಿಯ ಹುಟ್ಟಿದ ದಿನವು ಶಾಲೆಯ ದಾಖಲೆಯಲ್ಲಿ ಜೂನ್ 1 ಎಂದಿರುವುದುಂಟು. ಅಷ್ಟು ಜನರು ಒಂದೇ ದಿನ ಹುಟ್ಟಿದರೆಂದಲ್ಲ. ಶಾಲೆಗೆ ಸೇರಿಸುವಾಗ ಉಪಾಧ್ಯಾಯರು ಅನುಕೂಲಕ್ಕಾಗಿ ಬರೆದ ದಿನಾಂಕವದು. ಒಂದೇ ದಿಕ್ಕಿಗೆ ವಾಲುವ ಇಂತಹ ದೋಷವನ್ನು ಹೆಚ್ಚು ದಾಖಲೆಗಳನ್ನು ನೋಡಿ ಸರಾಸರಿ ತೆಗೆದು ಕಳೆಯಲಾಗದು. ಬೇರೆ ಬಗೆಯ ಸಾಕ್ಷ್ಯವೇ ಬೇಕು.

ಹಳೆಯ ಜಾತಕದ ಸಂಗತಿ ಇನ್ನೂ ಸ್ವಾರಸ್ಯವಾದುದು. ಅದರಲ್ಲಿ ಶಾರ್ವರಿ ಸಂವತ್ಸರವೆಂದಿದೆ ಎನ್ನೋಣ. ಸಂವತ್ಸರಗಳು ಅರವತ್ತು ವರ್ಷಗಳಿಗೊಮ್ಮೆ ಮರುಕಳಿಸುವುದರಿಂದ 1840, 1900, 1960 ಮತ್ತು 2020ರ ಯುಗಾದಿಗಳಿಂದ ಮೊದಲಾದ ವರ್ಷಗಳೆಲ್ಲವೂ ಶಾರ್ವರಿಗಳೇ. ಯಾವುದನ್ನು ಆರಿಸಬೇಕು? ಆ ವ್ಯಕ್ತಿಯ ಹಿರಿಯ ಮಗ ತನ್ನ ಆರನೆಯ ವಯಸ್ಸಿನಲ್ಲಿ, 1931ರಲ್ಲಿ, ಶಾಲೆಗೆ ಸೇರಿದುದಕ್ಕೆ ದಾಖಲೆಯಿದ್ದರೆ ಮಗ ಹುಟ್ಟಿದ್ದು 1925ರ ಸುಮಾರಿಗೆ. ಆಗ ತಂದೆಗೆ 85 ವರ್ಷವಾಗಿರುವುದು ಅಸಂಭವ. ತಂದೆ 1960ರಲ್ಲಿ ಹುಟ್ಟಿರುವುದು ಅಸಾಧ್ಯ. ಉಳಿದದ್ದು 1900. ಮಾಘ ಅಥವಾ ಫಾಲ್ಗುಣ ಮಾಸದ ಹುಟ್ಟಾಗಿದ್ದರೆ ಇಸವಿ 1901 ಆಗುತ್ತದೆಂಬುದನ್ನೂ ಮರೆಯಬಾರದು. ಅಂತೆಯೇ "ಇನ್‌ಫ್ಲುಯೆಂಜಾ ಬಂದ ವರ್ಷ" ಎಂದು ಹಿರಿಯರಿಂದ ಕೇಳಿಬಂದ ಮಾತು 1918ರತ್ತ ಬೆರಳು ತೋರಿಸುತ್ತದೆ.

ಒಳ್ಳೆಯ ತಂತ್ರಾಂಶದಲ್ಲಿ "ಸುಮಾರು", "ಇದಕ್ಕೆ ಮೊದಲು", "ಇವೆರಡರ ನಡುವೆ" ಎಂದು ದಿನಾಂಕವನ್ನು ಬರೆಯಲು ಅವಕಾಶವಿರುತ್ತದೆ. ಆಕರದ ವಿಶ್ವಾಸಾರ್ಹತೆಯನ್ನೂ ಗುರುತಿಸಬಹುದು: ಜನನ ನೋಂದಣಿಯೇ, ಪಹಣಿಯೇ, ಮದುವೆಯ ಕರೆಯೋಲೆಯೇ, ಅಜ್ಜಿಯ ಮಾತೇ? ಅಜ್ಜಿಯ ಮಾತು ಕೀಳೆಂದಲ್ಲ. ಯಾರು, ಯಾವಾಗ ಹೇಳಿದರೆಂಬುದನ್ನು ಬರೆದಿಟ್ಟರೆ ಅದೂ ಒಂದು ಆಕರವೇ. ಹೀಗೆ ಬರೆಯದೆ "1900" ಎಂದಷ್ಟೇ ಅಚ್ಚು ಹಾಕಿಸಿದರೆ ನಮ್ಮ ಊಹೆಯು ಮೊಮ್ಮಕ್ಕಳ ಕಾಲಕ್ಕೆ ಪ್ರಮಾಣವಾಗಿ ಕುಳಿತುಬಿಡುತ್ತದೆ.

ಕಡತದಿಂದ ಗ್ರಂಥಕ್ಕೆ

ಸಂಗತಿಗಳು ಸೇರಿದ ಮೇಲೆ ತಂತ್ರಾಂಶವು ಅವುಗಳಿಂದ ವರದಿಗಳನ್ನು ತಾನೇ ಸಿದ್ಧಪಡಿಸುತ್ತದೆ: ಮೂಲಪುರುಷನಿಂದ ಕೆಳಗಿಳಿಯುವ ಸಂತತಿಯ ಪಟ್ಟಿ, ನಮ್ಮಿಂದ ಮೇಲೇರುವ ಪೂರ್ವಿಕರ ಪಟ್ಟಿ, ಬೀಸಣಿಗೆಯಾಕಾರದ ನಕ್ಷೆ. ಮುಖಪುಟ ಮತ್ತು ಹಲವು ವರದಿಗಳನ್ನು ಸೇರಿಸಿ ಒಂದೇ ಗ್ರಂಥವನ್ನಾಗಿ ಹೊಂದಿಸುವ ಏರ್ಪಾಡೂ ಗ್ರಾಂಪ್ಸಿನಲ್ಲಿದೆ. ಆದರೆ ಇದಿಷ್ಟೇ ಆದರೆ ಓದುಗನಿಗೆ ದೊರೆಯುವುದು ಹೆಸರುಗಳ ಮೂಟೆ. ಬರಗಾಲದಲ್ಲಿ ಯಾರು ಊರು ಬಿಟ್ಟರು, ಬಾವಿಯನ್ನು ಯಾರು ತೋಡಿಸಿದರು, ಮನೆಯಲ್ಲಿ ಮೊದಲು ಓದು ಕಲಿತ ಹೆಣ್ಣುಮಗಳಾರು ಎಂಬ ವೃತ್ತಾಂತಗಳನ್ನು ನಾವೇ ಬರೆದು ಸೇರಿಸಬೇಕು. ಬದುಕಿರುವವರ ಹುಟ್ಟಿದ ದಿನ ಮತ್ತು ವಿಳಾಸಗಳನ್ನು ಅಚ್ಚು ಹಾಕಿಸದಿರುವುದು ಲೇಸು. ಇವು ಬ್ಯಾಂಕು ಮೊದಲಾದೆಡೆ ಗುರುತಿಗೆ ಬಳಕೆಯಾಗುತ್ತವೆ. ಪರರ ಕೈಗೆ ಸಿಕ್ಕಿದರೆ ಅಪಾಯ. ಹೀಗೆ ಬದುಕಿರುವವರ ವಿವರಗಳನ್ನು ಮರೆಮಾಡುವ ಅನುಕೂಲವೂ ತಂತ್ರಾಂಶದಲ್ಲಿದೆ.

ಮುದ್ರಣದಲ್ಲಿ ಗಮನಿಸಬೇಕಾದವು ಮೂರು. ಮೊದಲನೆಯದು ಅಕ್ಷರ. ಹಳೆಯ ಕೆಲವು ಕನ್ನಡ ಅಕ್ಷರವಿನ್ಯಾಸಗಳು ರೋಮನ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ರೂಪವನ್ನು ತೊಡಿಸಿದಂಥವು. ಆ ವಿನ್ಯಾಸವಿಲ್ಲದ ಯಂತ್ರದಲ್ಲಿ ಬರೆಹವು ಅರ್ಥವಿಲ್ಲದ ಗುರುತುಗಳಾಗುತ್ತದೆ, ಅಕಾರಾದಿ ಸೂಚಿಯೂ ಕೆಡುತ್ತದೆ. ಆದುದರಿಂದ ಯೂನಿಕೋಡ್ ಪದ್ಧತಿಯಲ್ಲಿಯೇ ಬರೆಯಬೇಕು. ಮುದ್ರಣಾಲಯಕ್ಕೆ ಕೊಡುವ ಪಿಡಿಎಫ್ ಕಡತದೊಳಗೆ ಅಕ್ಷರವಿನ್ಯಾಸವೂ ಅಡಕವಾಗಿರಬೇಕು.

ಎರಡನೆಯದು ಭಾವಚಿತ್ರ. ಅಚ್ಚಿನಲ್ಲಿ ಚಿತ್ರವು ಸ್ಫುಟವಾಗಿ ಕಾಣಬೇಕಾದರೆ ಅಂಗುಲಕ್ಕೆ 300 ಚುಕ್ಕೆಗಳಾದರೂ ಇರಬೇಕೆಂಬುದು ರೂಢಿಯ ಲೆಕ್ಕ. ಎರಡು ಅಂಗುಲ ಅಗಲದ ಹಳೆಯ ಚಿತ್ರವನ್ನು ನಾಲ್ಕು ಅಂಗುಲ ಅಗಲಕ್ಕೆ ಹಿಗ್ಗಿಸಿ ಅಚ್ಚು ಹಾಕಬೇಕಾದರೆ 1,200 ಚುಕ್ಕೆಗಳು ಬೇಕು. ಆದುದರಿಂದ ಮೂಲವನ್ನು ಅಂಗುಲಕ್ಕೆ 600 ಚುಕ್ಕೆಗಳಂತೆ ಸ್ಕ್ಯಾನ್ ಮಾಡಬೇಕು. ಆಮೇಲೆ ಹಿಗ್ಗಿಸಿದ ಮಾತ್ರಕ್ಕೆ ಇಲ್ಲದ ವಿವರ ಹುಟ್ಟುವುದಿಲ್ಲ.

ಮೂರನೆಯದು ಕಾಗದ ಮತ್ತು ಹೊಲಿಗೆ. ಅಗ್ಗದ ಕಾಗದದಲ್ಲಿರುವ ಲಿಗ್ನಿನ್ ಬೆಳಕು ಗಾಳಿಗಳಿಂದ ಹಳದಿಯಾಗುತ್ತದೆ. ಕಾಗದದಲ್ಲಿರುವ ಆಮ್ಲವು ಸೆಲ್ಯುಲೋಸಿನ ಸರಪಳಿಗಳನ್ನು ಕಡಿದು ಹಾಳೆಯನ್ನು ಪುಡಿಯಾಗಿಸುತ್ತದೆ. ಆಮ್ಲರಹಿತ ಕಾಗದವನ್ನು ಕೇಳಿ ಪಡೆಯಬೇಕು. ಪುಟಗಳು ಹದಿನಾರರ ಫಾರಂಗಳಾಗಿ ಮಡಿಸಲ್ಪಡುವುದಾದರೆ ಒಟ್ಟು ಸಂಖ್ಯೆಯನ್ನು ಹದಿನಾರರ ಗುಣಕಕ್ಕೆ ಹೊಂದಿಸಬೇಕು. 150 ಪುಟಗಳಾದರೆ 160 ಮಾಡಿ, ಉಳಿದ ಹತ್ತು ಪುಟಗಳನ್ನು ಖಾಲಿ ಬಿಡಬಹುದು. ಮುಂದೆ ಹುಟ್ಟುವವರ ಹೆಸರುಗಳಿಗೆ ಅವು ಬೇಕಾಗುತ್ತವೆ. ಅಂಟಿಗಿಂತ ದಾರದ ಹೊಲಿಗೆ ಬಾಳಿಕೆಯದು. ಅಂಕೀಯ ಮುದ್ರಣದಲ್ಲಿ ಅಚ್ಚಿನ ಫಲಕಗಳು ಬೇಕಿಲ್ಲವಾದುದರಿಂದ ಇಪ್ಪತ್ತೈದು ಪ್ರತಿಗಳನ್ನು ಮಾತ್ರ ಮಾಡಿಸುವುದೂ ಸಾಧ್ಯ.

ಕಡತವು ಯಂತ್ರದಲ್ಲಿಯೇ ಇರುವಾಗ ಮುದ್ರಣವೇಕೆಂದು ಕೆಲವರು ಕೇಳಬಹುದು. ಕಡತವನ್ನು ಓದಲು ಯಂತ್ರ ಬೇಕು, ಆ ಯಂತ್ರಕ್ಕೆ ಸರಿಯಾದ ತಂತ್ರಾಂಶ ಬೇಕು. ಪುಸ್ತಕವನ್ನು ಓದಲು ಕಣ್ಣು ಮತ್ತು ಬೆಳಕು ಸಾಕು. ಎರಡನ್ನೂ ಉಳಿಸಿಕೊಳ್ಳುವುದು ಜಾಣತನ.

ಯಂತ್ರದಿಂದ ಆಗದ ಕೆಲಸವೊಂದು ಉಳಿದಿದೆ. ಖಾಲಿಯಾಗಿರುವ ಬೆಸಸಂಖ್ಯೆಗಳನ್ನು ಅದು ತೋರಿಸಬಲ್ಲದು, ತುಂಬಲಾರದು. ಆ ಹೆಸರುಗಳು ಯಾವ ಕಚೇರಿಯಲ್ಲಿಯೂ ಇಲ್ಲದಿರಬಹುದು. ಎಂಬತ್ತು ದಾಟಿದ ಒಬ್ಬರ ನೆನಪಿನಲ್ಲಿ ಮಾತ್ರ ಉಳಿದಿರಬಹುದು. ಆದುದರಿಂದ ಈ ಕೆಲಸವನ್ನು ತಂತ್ರಾಂಶದಿಂದ ಆರಂಭಿಸಬೇಡಿರಿ. ಮುಂದಿನ ರಜೆಯಲ್ಲಿ ಮನೆಯ ಅತ್ಯಂತ ಹಿರಿಯರ ಬಳಿ ಕುಳಿತು, "ನಿಮ್ಮ ಅಮ್ಮನ ಹೆಸರೇನು? ಅವರ ಅಮ್ಮನ ಹೆಸರೇನು?" ಎಂದು ಕೇಳಿ ಬರೆದುಕೊಳ್ಳಿರಿ, ಬರೆದುಕೊಂಡ ದಿನಾಂಕವನ್ನೂ ಕೆಳಗೆ ನಮೂದಿಸಿರಿ. ಲೇಖನದ ಆರಂಭದಲ್ಲಿ ನೀವು ಬರೆಯಲಾರದೆ ಬಿಟ್ಟ ಆ ಕಾಗದವನ್ನು ಎಸೆಯದೆ ಜೊತೆಯಲ್ಲಿ ಕೊಂಡೊಯ್ಯಿರಿ.